ನಾವು ಹುಡುಕುತ್ತಿದ್ದ ಸೊಳ್ಳೆ ಮೋರಿಯಲ್ಲಿರಲಿಲ್ಲ

ಜ್ವರ ಬಂದ ಮೂರನೇ ದಿನ ಮಗಳು, "ಅಮ್ಮಾ, ಕಣ್ಣಿನ ಹಿಂದೆ ನೋಯ್ತಿದೆ" ಅಂದಳು. ಡಾಕ್ಟರು ಆ ಮಾತು ಕೇಳಿದ ಕೂಡಲೇ ರಕ್ತ ಪರೀಕ್ಷೆಗೆ ಬರೆದರು. ಡೆಂಗಿ. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಲೇಬೇಡಿ, ರಕ್ತಸ್ರಾವದ ಅಪಾಯ ಇರುತ್ತೆ, ಪ್ಯಾರಾಸಿಟಮಾಲ್ ಮಾತ್ರ ಕೊಡಿ ಅಂದರು. ಹೊರಡುವಾಗ ಮತ್ತೆ ಕರೆದು ಹೇಳಿದರು: "ಜ್ವರ ಇಳೀತು ಅಂತ ನಿರಾಳ ಆಗಬೇಡಿ. ಇಳಿಯುವ ಹೊತ್ತಿಗೇ ಈ ಕಾಯಿಲೆ ಕೈಕೊಡೋದು." ನಾಲ್ಕು ರಾತ್ರಿ ಅವಳ ಮಂಚದ ಪಕ್ಕ ಕುಳಿತಿದ್ದೆ. ಹೊಟ್ಟೆನೋವು ಅಂತಾಳಾ, ವಾಂತಿ ಆಗುತ್ತಾ, ವಸಡಿನಲ್ಲಿ ರಕ್ತ ಕಾಣುತ್ತಾ ಅಂತ ಕಾಯುತ್ತಾ. ಅವಳಿಗೆ ಆಗ ಹನ್ನೊಂದು ವರ್ಷ.

ಅವಳು ಎದ್ದು ಓಡಾಡುವ ಹೊತ್ತಿಗೆ ನಮ್ಮ ಬೀದಿಯ 34 ಮನೆಗಳಲ್ಲಿ ಐದು ಮನೆಗೆ ಜ್ವರ ಬಂದು ಹೋಗಿತ್ತು.

ನಮ್ಮ ಬೀದಿಯವರು ಅಲ್ಲಿವರೆಗೆ ಒಟ್ಟಿಗೆ ಕೂತು ಮಾತಾಡಿದ್ದೇ ಇಲ್ಲ. ಗೇಟಿನ ಹತ್ತಿರ ಕಂಡರೆ ಒಂದು ನಗು, ಅಷ್ಟೇ. ಕೆಲವರ ನಡುವೆ ಅದೂ ಇರಲಿಲ್ಲ. ಆದರೆ ಐದು ಮನೆಗೆ ಜ್ವರ ಬಂದಾಗ ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು. ಬೀದಿಯ ಕೊನೆಯಲ್ಲಿ ಕಟ್ಟಿಕೊಂಡ ಮೋರಿ. ವಾಸನೆ, ಕೆಸರು, ಸಂಜೆಯಾದರೆ ಮೇಲೆ ಮೋಡದ ಹಾಗೆ ಸೊಳ್ಳೆ. ಒಂದು ಭಾನುವಾರ ನಮ್ಮ ಮನೆ ಮುಂದೆ 22 ಜನ ಸೇರಿದರು. ಸಿಟ್ಟು ಎಲ್ಲರಿಗೂ ಇತ್ತು, ಮಾತು ಸಲೀಸಾಗಿ ಬಂತು. ಅರ್ಜಿ ಬರೆದು, ಸಹಿ ಹಾಕಿ, ನಾಲ್ಕು ಜನ ಕಚೇರಿಗೆ ಹೋಗಿ ಕೊಟ್ಟು ಬಂದೆವು. ಎರಡು ವಾರ ಓಡಾಡಿದ ಮೇಲೆ ಹೂಳು ತೆಗೆದರು. ಒಂದು ಸಂಜೆ ಹೊಗೆ ಯಂತ್ರವೂ ಬಂತು. ಬೀದಿ ತುಂಬ ಬಿಳಿ ಹೊಗೆ, ಅದರ ಹಿಂದೆ ಮಕ್ಕಳು. ಗೆದ್ದೆವು ಅಂದುಕೊಂಡೆವು.

ಮೂರು ವಾರಕ್ಕೆ ಇನ್ನೆರಡು ಮನೆಗೆ ಡೆಂಗಿ ಬಂತು.

ಎದುರು ಮನೆಯಲ್ಲಿ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ಜೀವಶಾಸ್ತ್ರ ಪಾಠ ಮಾಡಿದವರು. ಮಾತು ಕಮ್ಮಿ. ಮೊದಲ ಸಭೆಗೆ ಬಂದಿದ್ದರು, ಸಹಿಯನ್ನೂ ಹಾಕಿದ್ದರು, ಏನೂ ಹೇಳಿರಲಿಲ್ಲ. ಆವತ್ತು ಗೇಟಿಗೆ ಬಂದು ಒಂದು ಪ್ರಶ್ನೆ ಕೇಳಿದರು. "ನಿಮ್ಮ ಮನೇಲಿ ಸೊಳ್ಳೆ ಜಾಸ್ತಿ ಕಚ್ಚೋದು ಯಾವಾಗಮ್ಮಾ? ರಾತ್ರಿಯೋ, ಹಗಲೋ?"

ನಾನು ಯೋಚಿಸಿರಲೇ ಇಲ್ಲ. ರಾತ್ರಿ ಪರದೆ ಕಟ್ಟುತ್ತೇವೆ. ಆದರೆ ಬೆಳಿಗ್ಗೆ ಮಗಳು ಮೇಜಿನ ಮುಂದೆ ಓದಲು ಕೂತಾಗ ಕಾಲು ಕೆರೆದುಕೊಳ್ಳುತ್ತಿದ್ದುದು ನೆನಪಾಯಿತು. ಸಂಜೆ ದೀಪ ಹಚ್ಚುವ ಮುಂಚೆ ಕೂಡ.

ಮೇಷ್ಟ್ರು ವಿವರಿಸಿದರು. ಮೋರಿಯ ಕೊಳಕು ನೀರಿನಲ್ಲಿ ಹುಟ್ಟುವುದು ಹೆಚ್ಚಾಗಿ ಕ್ಯೂಲೆಕ್ಸ್ ಜಾತಿಯ ಸೊಳ್ಳೆ, ಅದು ಕಚ್ಚುವುದು ರಾತ್ರಿ. ಡೆಂಗಿ ತರುವ ಈಡಿಸ್ ಈಜಿಪ್ಟೈ ಬೇರೆಯೇ. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ, ಹಗಲು ಕಚ್ಚುತ್ತದೆ. ಅದಕ್ಕೆ ಬೇಕಾದದ್ದು ಮನೆಯ ಒಳಗೂ ಸುತ್ತಲೂ ಪಾತ್ರೆಗಳಲ್ಲಿ ನಿಂತ ಹೆಚ್ಚುಕಮ್ಮಿ ತಿಳಿ ನೀರು. ಹೊಗೆ ಹಾಕಿದರೆ ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆ ಸಾಯುತ್ತವೆ. ಬಾಗಿಲ ಹಿಂದೆ, ಬಟ್ಟೆಗಳ ನಡುವೆ ಕೂತಿರುವ ಈಡಿಸ್‌ಗೆ ಹೊಗೆ ಸರಿಯಾಗಿ ತಲುಪುವುದೇ ಇಲ್ಲ. ನೀರಿನಲ್ಲಿರುವ ಮರಿಗಳಿಗಂತೂ ಏನೂ ಆಗುವುದಿಲ್ಲ.

"ಹಾಗಾದರೆ ಎಲ್ಲಿದೆ ಮೇಷ್ಟ್ರೇ?" ಅಂದೆ.

"ನೋಡೋಣ್ವಾ?" ಅಂದರು. ಟಾರ್ಚ್ ತಂದೇ ಇದ್ದರು.

ನಮ್ಮ ಹಿತ್ತಲಲ್ಲಿ ಹೂಕುಂಡದ ಕೆಳಗಿನ ತಟ್ಟೆ ನೋಡಿದೆವು. ಒಣಗಿತ್ತು. ನೀರಿನ ಡ್ರಮ್ಮಿಗೆ ಮುಚ್ಚಳ ಇತ್ತು. ನನಗೆ ಸ್ವಲ್ಪ ಸಮಾಧಾನ ಆಯಿತು. ಆಮೇಲೆ ಅವರು ಅಡುಗೆಮನೆಗೆ ಬಂದು ಫ್ರಿಜ್ಜನ್ನು ಒಂದಡಿ ಮುಂದಕ್ಕೆ ಎಳೆಯೋಣ ಅಂದರು. ಹಿಂದೆ, ಕೆಳಗಡೆ, ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಕರಗಿದ ಮಂಜಿನ ನೀರು ಬಂದು ಸೇರುವ ಜಾಗ. ಫ್ರಿಜ್ ತಂದು ಆರು ವರ್ಷವಾಗಿತ್ತು, ಅಲ್ಲೊಂದು ತಟ್ಟೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಟಾರ್ಚ್ ಬೆಳಕು ಬಿದ್ದ ಕೂಡಲೇ ನೀರು ಅಲುಗಾಡಿತು. ದಾರದ ತುಂಡಿನಂಥ ಹತ್ತು ಹನ್ನೆರಡು ಮರಿಗಳು ಬಳುಕುತ್ತಾ ತಳಕ್ಕೆ ಇಳಿದವು. ಸ್ವಲ್ಪ ಹೊತ್ತು ಕಾದರೆ ಒಂದೊಂದಾಗಿ ಮೇಲೆ ಬಂದು, ಬಾಲದ ತುದಿಯ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ, ತಲೆಕೆಳಗಾಗಿ ನೇತಾಡತೊಡಗಿದವು. ಉಸಿರಾಡುತ್ತಿದ್ದವು.

ಆ ತಟ್ಟೆಯಿಂದ ಮಗಳ ಓದುವ ಮೇಜಿಗೆ ನಾಲ್ಕು ಹೆಜ್ಜೆ.

ಆವತ್ತು ನನಗೆ ಅಳು ಬಂತು. ಮೋರಿಯ ಮೇಲೆ ಅಷ್ಟು ಸಿಟ್ಟು ಮಾಡಿಕೊಂಡು ಬೀದಿಯವರನ್ನೆಲ್ಲ ಸೇರಿಸಿದವಳು ನಾನೇ. ಮೇಷ್ಟ್ರು ಏನೂ ಅನ್ನಲಿಲ್ಲ. ಗಾಜಿನ ಬಾಟಲಿ ಕೇಳಿದರು. ಆ ನೀರನ್ನು ಮರಿಗಳ ಸಮೇತ ಅದರೊಳಗೆ ಸುರಿದು, ಬಾಯಿಗೆ ತೆಳು ಬಟ್ಟೆ ಎರಡು ಮಡಿಕೆ ಮಾಡಿ ದಾರದಿಂದ ಬಿಗಿಯಾಗಿ ಕಟ್ಟಿದರು. "ಇಟ್ಟುಕೊಳ್ಳಿ, ಕೆಲಸಕ್ಕೆ ಬರುತ್ತೆ" ಅಂದರು.

ಎರಡನೇ ಸಭೆ ಕರೆದಾಗ ನಾನೊಂದು ತಪ್ಪು ಮಾಡಿದೆ. ಬೀದಿಯ ಫೋನ್ ಗುಂಪಿಗೆ, "ಡೆಂಗಿ ಸೊಳ್ಳೆ ನಮ್ಮ ಮನೆಗಳಲ್ಲೇ ಇದೆ, ಎಲ್ಲರ ಮನೆ ಪರಿಶೀಲನೆ ಮಾಡಬೇಕು, ಬನ್ನಿ" ಅಂತ ಹಾಕಿದೆ. ಬಂದವರು ಐದು ಜನ. ಮೋರಿಗೆ 22, ಮನೆಗೆ 5. ಅವರ ತಪ್ಪೇನೂ ಇಲ್ಲ. ನನ್ನ ಮಾತು ಓದಿದವರಿಗೆ ಕೇಳಿಸಿದ್ದು 'ನಿಮ್ಮ ಮನೆ ಗಲೀಜು' ಅಂತ. ಪರಿಶೀಲನೆ ಅನ್ನುವ ಪದವೇ ಸರಿ ಇರಲಿಲ್ಲ. ಹೊರಗಿನವರ ವಿರುದ್ಧ ಜನ ಸೇರುವುದು ಸುಲಭ. ಸ್ವಂತ ಹಿತ್ತಲಿಗೆ ಇನ್ನೊಬ್ಬರನ್ನು ಬಿಟ್ಟುಕೊಳ್ಳಲು ಬೇರೆಯೇ ನಂಬಿಕೆ ಬೇಕು. ಆ ನಂಬಿಕೆ ನಮ್ಮ ನಡುವೆ ಇನ್ನೂ ಹುಟ್ಟಿರಲಿಲ್ಲ.

ಆ ಕೆಲಸ ಮಾಡಿದ್ದು ಬಾಟಲಿ. ಕಾಂಪೌಂಡಿನ ಕಟ್ಟೆಯ ಮೇಲೆ, ನೆರಳಿನಲ್ಲಿ ಇಟ್ಟೆ. ಪಕ್ಕದಲ್ಲಿ ಚೀಟಿ: 'ಇದು ನಮ್ಮ ಮನೆಯ ಫ್ರಿಜ್ಜಿನ ಹಿಂದೆ ಸಿಕ್ಕಿದ್ದು. ಬಟ್ಟೆ ತೆಗೆಯಬೇಡಿ. ದಿನಾ ಬಂದು ನೋಡಿ.' ಮೊದಲು ಬಂದದ್ದು ಮಕ್ಕಳು. ಆಮೇಲೆ ಮಕ್ಕಳನ್ನು ಹುಡುಕಿಕೊಂಡು ತಾಯಂದಿರು. ಮೂರನೇ ದಿನಕ್ಕೆ ಮರಿಗಳು ದಪ್ಪವಾದವು. ಆಮೇಲೆ ಕೆಲವು ಅಲ್ಪವಿರಾಮದ ಹಾಗೆ ಬಾಗಿದವು. ಅದು ಪ್ಯೂಪಾ, ಈಗ ಅದು ಏನೂ ತಿನ್ನಲ್ಲ ಅಂತ ಮಗಳು ಎಲ್ಲರಿಗೂ ವಿವರಿಸುತ್ತಿದ್ದಳು. ಆರನೇ ದಿನ ಬೆಳಿಗ್ಗೆ ಬಟ್ಟೆಯ ಒಳಮೈಗೆ ಒಂದು ಸೊಳ್ಳೆ ಅಂಟಿ ಕೂತಿತ್ತು. ಕಾಲಿನ ಬಿಳಿ ಪಟ್ಟೆ ಬರಿಗಣ್ಣಿಗೇ ಕಾಣುತ್ತಿತ್ತು. ಸಂಜೆಗೆ ನಾಲ್ಕಾದವು. ಮೇಷ್ಟ್ರು ಬಂದು ಮುಚ್ಚಳ ಹಾಕಿ ಬಾಟಲಿಯನ್ನು ಫ್ರೀಜರಿಗೆ ಇಟ್ಟರು. ಅಷ್ಟರಲ್ಲಿ ಬೀದಿಯ ಅರ್ಧದಷ್ಟು ಜನ ಅದನ್ನು ನೋಡಿಯಾಗಿತ್ತು.

ಇದನ್ನು ಸ್ವಲ್ಪ ವಿವರವಾಗಿ ಹೇಳುವುದಕ್ಕೆ ಕಾರಣ ಇದೆ. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಸುಮಾರು 7ರಿಂದ 10 ದಿನ ಬೇಕು. ಕರಪತ್ರದಲ್ಲಿ ಇದೇ ಸಂಖ್ಯೆ ಇರುತ್ತದೆ, ಓದಿ ಮರೆಯುತ್ತೇವೆ. ಬಾಟಲಿ ನೋಡಿದವರಿಗೆ ಮರೆಯಲಿಲ್ಲ. 'ವಾರಕ್ಕೊಮ್ಮೆ ನೀರು ಚೆಲ್ಲಬೇಕು' ಯಾಕೆ ಅಂತ ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ.

ಮೂರನೇ ಸಲ ನಾನು ಯಾರ ಮನೆ ನೋಡುತ್ತೇನೆ ಅಂತಲೂ ಹೇಳಲಿಲ್ಲ. "ನಮ್ಮ ಮನೆಗೆ ಬನ್ನಿ, ಎಲ್ಲೆಲ್ಲಿ ಹುಡುಕಬೇಕು ಅಂತ ಮೇಷ್ಟ್ರು ತೋರಿಸ್ತಾರೆ" ಅಂದೆ. 14 ಜನ ಬಂದರು. ಅಡುಗೆಮನೆ, ಬಚ್ಚಲು, ಹಿತ್ತಲು, ತಾರಸಿ ಎಲ್ಲ ನೋಡಿದರು. ತಾರಸಿಯ ಟ್ಯಾಂಕಿನ ಮುಚ್ಚಳದ ಮೂಲೆ ಒಡೆದಿದ್ದನ್ನು ಕಂಡುಹಿಡಿದದ್ದು ಪಕ್ಕದ ಮನೆಯವರು. ಅಲ್ಲೇ ನಿಂತು, "ಇನ್ನು ನಮ್ಮನೇಗೂ ಹೋಗೋಣ ಬನ್ನಿ" ಅಂದರು. ಆವತ್ತು ಸಂಜೆಯೊಳಗೆ ಆರು ಮನೆ ನೋಡಿಯಾಯಿತು. ಆರನೇ ಮನೆಗೆ ಬರುವಷ್ಟರಲ್ಲಿ ಟಾರ್ಚಿನ ಬ್ಯಾಟರಿ ಮುಗಿದಿತ್ತು.

ನರ್ಸಿಂಗ್ ಓದುವ ಹುಡುಗಿಯೊಬ್ಬಳು ನಮ್ಮ ಬೀದಿಯಲ್ಲಿದ್ದಾಳೆ. ಲೆಕ್ಕ ಬರೆಯುವ ಕೆಲಸ ಅವಳು ವಹಿಸಿಕೊಂಡಳು. ಎರಡು ನಿಯಮ ಅವಳೇ ಹಾಕಿದಳು. ಯಾವ ಮನೆಯಲ್ಲಿ ಏನು ಸಿಕ್ಕಿತು ಅನ್ನುವುದು ಆ ಮನೆಯವರಿಗೆ ಮಾತ್ರ ಗೊತ್ತಾಗಬೇಕು, ಬೀದಿಗೆ ಒಟ್ಟು ಸಂಖ್ಯೆ ಮಾತ್ರ. ಮತ್ತೆ, ಮನೆಗೆ ಹೋಗುವುದು ಇಬ್ಬರೇ, ಆ ಇಬ್ಬರಲ್ಲಿ ಒಬ್ಬರು ಆ ಮನೆಯವರಿಗೆ ಮೊದಲೇ ಪರಿಚಯ ಇರಬೇಕು. ಇಷ್ಟು ಚಿಕ್ಕ ವಯಸ್ಸಿಗೆ ಇದೆಲ್ಲ ಅವಳಿಗೆ ಹೇಗೆ ಹೊಳೆಯಿತೋ. ನಮ್ಮ ಕೆಲಸ ಮುರಿದುಬಿದ್ದದ್ದೂ ಮುಂದೆ ಆ ಮೊದಲ ನಿಯಮ ಮೀರಿದಾಗಲೇ.

34ರಲ್ಲಿ 28 ಮನೆ ಬಾಗಿಲು ತೆರೆದವು. 12ರಲ್ಲಿ ಲಾರ್ವಾ, ಅಂದರೆ ಸೊಳ್ಳೆಯ ಮರಿ, ಸಿಕ್ಕಿತು. ನೂರಕ್ಕೆ ಎಷ್ಟು ಮನೆಯಲ್ಲಿ ಲಾರ್ವಾ ಇದೆ ಅನ್ನುವ ಲೆಕ್ಕಕ್ಕೆ ಹೌಸ್ ಇಂಡೆಕ್ಸ್ ಅನ್ನುತ್ತಾರೆ, ಆರೋಗ್ಯ ಇಲಾಖೆಗಳು ಬಳಸುವ ಅಳತೆ. ನಮ್ಮದು 43ರ ಹತ್ತಿರ ಬಂತು. ಮೇಷ್ಟ್ರ ಮುಖ ಸಪ್ಪಗಾಯಿತು. ಎರಡಂಕಿ ಬರಲೇಬಾರದು ಅಂದರು.

ಎಲ್ಲಿ ಸಿಕ್ಕಿತು ಅನ್ನುವುದು ಇನ್ನೂ ಮುಖ್ಯವಾಗಿತ್ತು. ಹಳೇ ಟೈರು, ಕುಂಡದ ತಟ್ಟೆ, ಬಳಸದ ಕಮೋಡು, ಸೂರಿನ ದೋಣಿಯಲ್ಲಿ ಕೊಳೆತ ಎಲೆ ಅಡ್ಡ ಬಂದು ನಿಂತ ನೀರು, ಮಗುವಿನ ಆಟದ ಬಕೆಟ್ಟು, ಹೀಗೆ ಬಿಡಿಬಿಡಿಯಾಗಿ ಎಂಟು. ಉಳಿದ 19 ಪಾತ್ರೆಗಳೂ ಬಳಕೆಯ ನೀರು ತುಂಬಿಟ್ಟ ಡ್ರಮ್ಮು, ತೊಟ್ಟಿ. ಯಾಕೆ ಅಷ್ಟೊಂದು ನೀರು ತುಂಬಿಡುತ್ತಾರೆ? ಯಾಕೆಂದರೆ ನಮ್ಮ ಬೀದಿಯ ಕೆಳಗಿನ ಭಾಗಕ್ಕೆ ನಲ್ಲಿ ನೀರು ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಬಂದಾಗ ಸಿಕ್ಕ ಪಾತ್ರೆಗೆಲ್ಲ ತುಂಬುತ್ತಿದ್ದರು. ಮೇಲಿನ ಭಾಗದಲ್ಲಿರುವ ನನಗೆ ಇಷ್ಟು ವರ್ಷ ಆ ಕಷ್ಟ ತಿಳಿದೇ ಇರಲಿಲ್ಲ. ಸೊಳ್ಳೆ ಹುಡುಕಲು ಹೋಗಿ ನಮಗೆ ಸಿಕ್ಕಿದ್ದು ಇದು.

ಕೆಳಗಿನ ಭಾಗದಲ್ಲಿ ಒಬ್ಬರು ಅಜ್ಜಿ ಒಬ್ಬರೇ ಇದ್ದಾರೆ. ಅವರ ಹಿತ್ತಲಲ್ಲಿ ದೊಡ್ಡ ಡ್ರಮ್ಮು, ತುಂಬ ಲಾರ್ವಾ. ನಿಜ ಹೇಳಬೇಕೆಂದರೆ 'ಅಜ್ಜಿಗೆ ಶುಚಿ ಕಮ್ಮಿ' ಅನ್ನುವ ಮಾತು ಬೀದಿಯಲ್ಲಿ ಮೊದಲಿಂದ ಇತ್ತು. ಆವತ್ತು ನಾನು ಹತ್ತಿರದಿಂದ ನೋಡಿದೆ. ಅವರ ಎರಡೂ ಕೈಯ ಬೆರಳ ಗಂಟುಗಳು ಊದಿಕೊಂಡು ಓರೆಯಾಗಿದ್ದವು. "ನೀರು ಬಗ್ಗಿಸೋಕೆ ಆಗಲ್ಲ ಕಣಮ್ಮಾ. ಡ್ರಮ್ಮು ಓರೆ ಮಾಡೋಕೂ ಆಗಲ್ಲ. ಚೊಂಬಿನಲ್ಲಿ ಎತ್ಕೋತೀನಿ, ತಳದ ನೀರು ತಳದಲ್ಲೇ ಇರುತ್ತೆ" ಅಂದರು. ಆ ಡ್ರಮ್ಮು ಪೂರ್ತಿ ಖಾಲಿಯಾಗಿ ಎರಡು ವರ್ಷವಾಗಿತ್ತಂತೆ. ಅಜ್ಜಿಗೆ ಅರಿವು ಮೂಡಿಸಿ ಏನು ಪ್ರಯೋಜನ? ಅವರಿಗೆ ಬೇಕಾಗಿದ್ದದ್ದು ಎರಡು ಗಟ್ಟಿ ಕೈ. ಮರುದಿನ ಪಕ್ಕದ ಮನೆಯ ಹುಡುಗರಿಬ್ಬರು ಹೋಗಿ ಡ್ರಮ್ಮು ಉರುಳಿಸಿ, ಬ್ರಷ್ಷಿನಿಂದ ಒಳಗೋಡೆ ಉಜ್ಜಿ, ತೊಳೆದು ನಿಲ್ಲಿಸಿದರು. ಬಾಯಿಗೆ ಬಟ್ಟೆ, ಅದರ ಸುತ್ತ ಎಲಾಸ್ಟಿಕ್ಕು. ಅಜ್ಜಿ ಒಂದು ಬೆರಳಿನಿಂದ ಎತ್ತಬಹುದು.

ಉಜ್ಜುವುದು ಯಾಕೆ ಅಂದರೆ, ಈಡಿಸ್ ಮೊಟ್ಟೆ ಇಡುವುದು ನೀರಿನಲ್ಲಲ್ಲ. ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಅಂಟಿಸುತ್ತದೆ. ಒಂದು ಸಲಕ್ಕೆ ನೂರರಷ್ಟು. ನೀರು ಚೆಲ್ಲಿದರೂ ಮೊಟ್ಟೆ ಗೋಡೆಯಲ್ಲೇ ಉಳಿಯುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ಮುಟ್ಟಿದಾಗ ಒಡೆಯುತ್ತದೆ. ನಮ್ಮಲ್ಲಿ ಕೆಲವರು ಪ್ರತಿವಾರ ನಿಷ್ಠೆಯಿಂದ ನೀರು ಚೆಲ್ಲುತ್ತಿದ್ದರು, ಆದರೂ ಲಾರ್ವಾ ಬರುತ್ತಿತ್ತು. ಒರಟು ಬ್ರಷ್ಷು ಹಿಡಿದ ಮೇಲೆ ನಿಂತಿತು.

ಆ ದಿನಗಳಲ್ಲಿ ಒಂದು ಸಂಜೆ ಮೇಷ್ಟ್ರು ಹವಾನಾ ನಗರದ ಕಥೆ ಹೇಳಿದರು. ಹಳದಿ ಜ್ವರ ಹರಡುವುದು ಸೊಳ್ಳೆಯಿಂದ ಅಂತ ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೇ 1881ರಲ್ಲೇ ಹೇಳಿದ್ದರು. ಸುಮಾರು ಇಪ್ಪತ್ತು ವರ್ಷ ಹೆಚ್ಚಿನವರು ಒಪ್ಪಲಿಲ್ಲ. 1900ರಲ್ಲಿ ಅಮೆರಿಕದ ಸೇನಾ ವೈದ್ಯ ವಾಲ್ಟರ್ ರೀಡ್ ಅವರ ತಂಡ ಅದನ್ನು ಸಾಬೀತು ಮಾಡಿತು. ಮರುವರ್ಷ ವಿಲಿಯಂ ಗೋರ್ಗಾಸ್ ಎಂಬ ಅದೇ ಸೇನೆಯ ವೈದ್ಯರು ಹವಾನಾದ ಮನೆಮನೆಗೆ ಜನ ಕಳಿಸಿ ನೀರಿನ ಪಾತ್ರೆ ಮುಚ್ಚಿಸಿದರು, ನಿಂತ ನೀರಿಗೆ ಎಣ್ಣೆ ಹಾಕಿಸಿದರು. ಅದೇ ವರ್ಷದೊಳಗೆ ಹಳದಿ ಜ್ವರ ಅಲ್ಲಿಂದ ಹೆಚ್ಚುಕಮ್ಮಿ ಹೋಗೇಬಿಟ್ಟಿತು. ಸೊಳ್ಳೆ ಇದೇ, ಈಡಿಸ್ ಈಜಿಪ್ಟೈ. ಆದರೆ ಗೋರ್ಗಾಸ್ ಕೈಯಲ್ಲಿ ಸೇನೆಯ ಅಧಿಕಾರವಿತ್ತು. ಲಾರ್ವಾ ಸಿಕ್ಕ ಮನೆಗೆ ದಂಡ ಹಾಕುತ್ತಿದ್ದರು. "ನಮ್ಮ ಹತ್ತಿರ ದಂಡ ಇಲ್ಲ" ಅಂದರು ಮೇಷ್ಟ್ರು.

ಅದಕ್ಕೆ ನರ್ಸಿಂಗ್ ಹುಡುಗಿ ಇನ್ನೊಂದು ಅಧ್ಯಯನ ತಂದಳು. 2015ರಲ್ಲಿ ಪ್ರಕಟವಾದದ್ದು, ಹೆಸರು ಕಮಿನೊ ವೆರ್ದೆ, ಅಂದರೆ ಹಸಿರು ದಾರಿ. ನಿಕರಾಗುವದ ಮನಾಗುವಾ ನಗರದಲ್ಲಿ 60 ಕಡೆ, ಮೆಕ್ಸಿಕೊದ ಗೆರೆರೋ ರಾಜ್ಯದಲ್ಲಿ 90 ಕಡೆ ನಡೆದದ್ದು. ಅರ್ಧ ಕಡೆ ಎಂದಿನಂತೆ ಸರ್ಕಾರದ ಕಾರ್ಯಕ್ರಮ ಮಾತ್ರ. ಉಳಿದರ್ಧ ಕಡೆ ಅದರ ಜೊತೆಗೆ, ಅಲ್ಲಿನ ಜನರಿಗೆ ಅವರದೇ ಮನೆಗಳ ಲೆಕ್ಕ ತೋರಿಸಿ, ಏನು ಮಾಡಬೇಕೆಂದು ಅವರೇ ತೀರ್ಮಾನಿಸಲು ಬಿಟ್ಟರು. ಇದಕ್ಕಾಗಿ ಬೇರೆ ಔಷಧವನ್ನೇನೂ ಬಳಸಲಿಲ್ಲ. ಹಾಗೆ ಮಾಡಿದ ಕಡೆ ಮಕ್ಕಳಲ್ಲಿ ಹೊಸದಾಗಿ ಡೆಂಗಿ ಸೋಂಕು ತಗಲುವುದು ಶೇ. 29.5ರಷ್ಟು ಕಮ್ಮಿಯಾಗಿತ್ತು. ಲಾರ್ವಾ ಅಥವಾ ಪ್ಯೂಪಾ ಇರುವ ಮನೆಗಳು ಶೇ. 44ರಷ್ಟು ಕಮ್ಮಿ. ಅವಳು ಇದನ್ನು ಓದಿ ಹೇಳಿದಾಗ ನಾವು ಏಳೆಂಟು ಜನ ಅಜ್ಜಿಯ ಜಗುಲಿಯಲ್ಲಿ ಕೂತಿದ್ದೆವು. ಎಲ್ಲೋ ದೂರದಲ್ಲಿ ನಮ್ಮ ಹಾಗೇ ಡ್ರಮ್ಮು ಉಜ್ಜಿದವರು ಇದ್ದಾರೆ ಅಂತ ಕೇಳಿ ನನಗೆ ತುಂಬ ಬಲ ಬಂತು.

ಆಮೇಲೆ ನಾವೂ ತೀರ್ಮಾನಿಸಿದೆವು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆ, ಹದಿನೈದೇ ನಿಮಿಷ. ಒಬ್ಬ ಹುಡುಗ ಗಂಟೆ ಹೊಡೆಯುತ್ತಾ ಬೀದಿಯ ತುದಿಯಿಂದ ತುದಿಗೆ ಸೈಕಲ್ಲಿನಲ್ಲಿ ಹೋಗಬೇಕು. ಎಲ್ಲರೂ ಅವರವರ ಮನೆಯಲ್ಲಿ ಒಂದೇ ಹೊತ್ತಿಗೆ ನೀರು ಚೆಲ್ಲಿ, ಉಜ್ಜಿ, ಮುಚ್ಚಬೇಕು. ಒಂದೇ ಹೊತ್ತಿಗೆ ಯಾಕೆ ಅಂತ ಕೆಲವರು ಕೇಳಿದರು. ಈ ಸೊಳ್ಳೆ ಜೀವಮಾನದಲ್ಲಿ ಹೆಚ್ಚೆಂದರೆ ಕೆಲವು ನೂರು ಮೀಟರ್ ಹಾರುತ್ತದೆ. ಅಂದರೆ ನಮ್ಮನ್ನು ಕಚ್ಚುವುದು ನಮ್ಮ ಅಥವಾ ಅಕ್ಕಪಕ್ಕದವರ ಮನೆಯಲ್ಲಿ ಹುಟ್ಟಿದ ಸೊಳ್ಳೆಯೇ. ನಾನೊಬ್ಬಳು ಎಷ್ಟು ಉಜ್ಜಿದರೂ ಸಾಲದು. ಬೇರೆ ಮನೆಯಲ್ಲೂ ಬಕೆಟ್ಟಿನ ಸದ್ದು ಕೇಳಿದರೆ ಕೈಗೆ ಹುರುಪು ಬರುತ್ತದೆ, ಅಲ್ವಾ?

12 ಇದ್ದದ್ದು ಎರಡನೇ ವಾರಕ್ಕೆ 8, ಮೂರನೇ ವಾರಕ್ಕೆ 5. ಆ ಸಂಖ್ಯೆಯನ್ನು ನಮ್ಮ ಕಾಂಪೌಂಡಿನ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯುತ್ತಿದ್ದೆವು.

ನಾಲ್ಕನೇ ವಾರ ಎಲ್ಲ ಕೆಟ್ಟಿತು. ಮೂಲೆ ಮನೆಯವರು ಮೊದಲಿಂದಲೂ ಗೇಟು ತೆರೆದಿರಲಿಲ್ಲ. ಅವರ ತಾರಸಿ ಮೇಲೆ ಒಂದು ತೆರೆದ ಸಿಮೆಂಟು ತೊಟ್ಟಿ ಪಕ್ಕದ ಮನೆಯ ಮಹಡಿಯಿಂದ ಕಾಣುತ್ತದೆ. ಯಾರೋ ಅದರ ಫೋಟೋ ತೆಗೆದು ಬೀದಿಯ ಗುಂಪಿಗೆ ಹಾಕಿ, 'ನಾವೆಲ್ಲ ಕಷ್ಟಪಡೋದು, ಇವರು ಸೊಳ್ಳೆ ಸಾಕೋದು' ಅಂತ ಬರೆದರು. ಕೆಳಗೆ ಇನ್ನೂ ನಾಲ್ಕು ಜನ ಸೇರಿಸಿದರು. ಅರ್ಧ ಗಂಟೆಯಲ್ಲಿ ಮೂಲೆ ಮನೆಯವರು ಗುಂಪು ಬಿಟ್ಟರು. ಅವರ ಜೊತೆ ಇನ್ನೂ ಮೂರು ಮನೆಯವರು ಬಿಟ್ಟರು. ಅವರಿಗೆ ಬಂದ ಭಯ ನನಗೆ ಅರ್ಥವಾಗುತ್ತದೆ. ಇವತ್ತು ಅವರ ತಾರಸಿ, ನಾಳೆ ನಮ್ಮದು. ಆ ಭಾನುವಾರ ಗಂಟೆ ಹೊಡೆದರೂ ಬೀದಿ ನಿಶ್ಶಬ್ದವಾಗಿತ್ತು. ಮರುವಾರ 7 ಮನೆಯಲ್ಲಿ ಲಾರ್ವಾ.

ಫೋಟೋ ನಾನು ಹಾಕಿರಲಿಲ್ಲ. ಆದರೆ ನೋಡಿಯೂ ಅರ್ಧ ಗಂಟೆ ಸುಮ್ನೆ ಇದ್ದೆ. ಒಳಗೊಳಗೆ ನನಗೂ ಅವರ ಮೇಲೆ ಸಿಟ್ಟಿತ್ತು. ಅದಕ್ಕೇ ಸುಮ್ನಿದ್ದೆ. ಮರುದಿನ ಅವರ ಗೇಟಿನ ಮುಂದೆ ನಿಂತು ಕರೆದೆ. ಅವರು ಬಂದರು, ಗೇಟು ತೆರೆಯಲಿಲ್ಲ. "ನಿಮ್ಮ ಮನೆ ಫೋಟೋ ಹಾಕಿದ್ದು ತಪ್ಪು ಸರ್. ತೆಗೆಸಿದ್ದೀನಿ. ನಾನು ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಅದಕ್ಕೆ ಕ್ಷಮಿಸಿ" ಅಂದೆ. ತೊಟ್ಟಿ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತಿದ್ದು, "ಆಯ್ತಮ್ಮಾ" ಅಂತ ಒಳಗೆ ಹೋದರು.

ಮುಂದಿನದ್ದು ಅಜ್ಜಿಯಿಂದ ಆಯಿತು. ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಅವರಿಗೆ ಗೊತ್ತಿತ್ತು. ಮೂಲೆ ಮನೆಯವರ ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು. ಆ ತೊಟ್ಟಿಯಲ್ಲಿ ಆಕೆ ತಾವರೆ ಬೆಳೆಸುತ್ತಿದ್ದರು. ಗಿಡ ಸತ್ತಿತ್ತು, ತೊಟ್ಟಿ ಖಾಲಿ ಮಾಡಲು ಅವರಿಗೆ ಮನಸ್ಸಾಗಿರಲಿಲ್ಲ. ನಾವು ಯಾರೂ ಸಾವಿನ ಮನೆಗೆ ಹೋಗಿ ಮಾತಾಡಿಸಿರಲಿಲ್ಲ. ಅಜ್ಜಿ ಮಾತ್ರ ಹೋಗಿದ್ದರು. ಈಗ ಮತ್ತೆ ಹೋದರು, ಮೇಷ್ಟ್ರನ್ನು ಕರೆದುಕೊಂಡು. ತೊಟ್ಟಿ ಖಾಲಿ ಮಾಡಿ ಅನ್ನಲಿಲ್ಲ. ಮೇಷ್ಟ್ರು ಒಂದು ಬಾಟಲಿಯಲ್ಲಿ ಆರು ಗಪ್ಪಿ ಮೀನು ಒಯ್ದಿದ್ದರು. ಗಪ್ಪಿ ಲಾರ್ವಾ ತಿನ್ನುತ್ತದೆ. ಮುಚ್ಚಲಾಗದ, ಖಾಲಿ ಮಾಡಲಾಗದ ತೊಟ್ಟಿಗೆ ಅದೇ ಸರಿಯಾದ ದಾರಿ. (ಕೆರೆ ಹೊಳೆಗೆ ಮಾತ್ರ ಬಿಡಬಾರದು, ಅಲ್ಲಿಯದೇ ಮೀನುಗಳಿಗೆ ಕುತ್ತು ತರುತ್ತದೆ.) ಒಂದು ತಾವರೆ ಗಡ್ಡೆಯೂ ಹೋಯಿತು, ಅಜ್ಜಿ ಎಲ್ಲಿಂದ ತರಿಸಿದ್ದರೋ.

ಅಜ್ಜಿಯ ಬಗ್ಗೆ ನಾನು ಎಷ್ಟು ತಪ್ಪು ತಿಳಿದಿದ್ದೆ! ನಲವತ್ತು ವರ್ಷದಿಂದ ಆ ಬೀದಿಯಲ್ಲಿರುವವರು. ಅರ್ಧ ಕಟ್ಟಿ ಬಿಟ್ಟ ಮನೆಯ ಮಾಲೀಕರು ಬೇರೆ ಊರಿನಲ್ಲಿದ್ದಾರೆ, ನಮಗೆ ಹೆಸರೂ ತಿಳಿದಿರಲಿಲ್ಲ. ಅಜ್ಜಿ ಹಳೇ ಡೈರಿ ತೆಗೆದು ಅವರ ತಂದೆಯ ಫೋನ್ ನಂಬರ್ ಕೊಟ್ಟರು. ಎರಡು ವಾರದಲ್ಲಿ ಆ ಪಾಯದ ಗುಂಡಿಗೆ ಮಣ್ಣು ಬಿತ್ತು. ನಲ್ಲಿ ನೀರಿನ ಅರ್ಜಿಯನ್ನೂ ಅವರ ಜಗುಲಿಯಲ್ಲೇ ಬರೆದೆವು. ಈ ಸಲ ಬರೀ ಸಹಿ ಇರಲಿಲ್ಲ. ಆರು ವಾರ, ಯಾವ ದಿನ ಎಷ್ಟು ಹೊತ್ತಿಗೆ ನೀರು ಬಂತು, ಎಷ್ಟು ಹೊತ್ತು ಬಂತು, ಎಷ್ಟು ಡ್ರಮ್ಮು ತುಂಬಿಡಬೇಕಾಯಿತು, ಅದರಲ್ಲಿ ಎಷ್ಟರಲ್ಲಿ ಲಾರ್ವಾ ಸಿಕ್ಕಿತು, ಎಲ್ಲ ಪಟ್ಟಿ ಮಾಡಿ ಲಗತ್ತಿಸಿದೆವು. ಕೊಟ್ಟವರು 31 ಮನೆಯವರು, ಮೇಲಿನ ಭಾಗದವರೂ ಸೇರಿ. ನೀರು ಈಗಲೂ ದಿನಾ ಬರುವುದಿಲ್ಲ. ಆದರೆ ಬರುವ ದಿನ, ಹೊತ್ತು ಗೊತ್ತಿದೆ. ಕೆಳಗಿನ ಮನೆಗಳಲ್ಲಿ ಅರ್ಧಕ್ಕರ್ಧ ಡ್ರಮ್ಮು ಬೋರಲು ಬಿದ್ದಿವೆ.

ಹತ್ತನೇ ವಾರದ ನಂತರ ಸಂಖ್ಯೆ 2, 1, ಕೆಲವು ವಾರ ಸೊನ್ನೆ. ಮಳೆ ನಿಂತ ಮೇಲೆ ಬಿಡೋಣ್ವಾ ಅಂತ ಮಾತು ಬಂತು. ಒಣಗಿದ ಗೋಡೆಯ ಮೊಟ್ಟೆಯನ್ನು ಮಗಳು ನೆನಪಿಸಿದಳು, ಬಿಡಲಿಲ್ಲ. ಜನ ಬದಲಾದರು, ಗಂಟೆ ಹೊಡೆಯುವ ಹುಡುಗ ಬದಲಾದ, ಕೆಲವು ಭಾನುವಾರ ಏಳೆಂಟು ಮನೆಯಲ್ಲಿ ಮಾತ್ರ ಬಕೆಟ್ಟಿನ ಸದ್ದು. ಮರುವರ್ಷ ಆ ಮಳೆಗಾಲ ನಮ್ಮ ಬೀದಿಯಲ್ಲಿ ಒಬ್ಬರಿಗೆ ಡೆಂಗಿ ಬಂತು. ಅದು ನಮ್ಮ ಕೆಲಸದ ಫಲ ಅಂತ ನಾನು ಹೇಳಲಾರೆ, 34 ಮನೆಯಿಂದ ಅಷ್ಟು ದೊಡ್ಡ ಮಾತು ಆಡಲಾಗದು. ಆದರೆ ಆ ಒಬ್ಬರ ಮನೆಗೆ ಜ್ವರ ಬಂದ ಮೊದಲ ದಿನವೇ ಎರಡು ಸೊಳ್ಳೆಪರದೆ ಹೋದವು. ಜ್ವರ ಇರುವಾಗ ಕಚ್ಚಿದ ಸೊಳ್ಳೆ ವೈರಸ್ಸನ್ನು ಹೊತ್ತುಕೊಂಡು ಹೋಗುತ್ತದೆ, ಅದಕ್ಕೇ ಹಗಲೂ ಪರದೆಯೊಳಗೆ ಮಲಗಿಸಬೇಕು. ಅದನ್ನು ಅವರಿಗೆ ಹೇಳಿದ್ದು ಪಕ್ಕದ ಮನೆಯವರು. ಹಿಂದಿನ ವರ್ಷ ನನಗೆ ಯಾರೂ ಹೇಳಿರಲಿಲ್ಲ.

ಆ ಮಳೆಗಾಲದ ಮೊದಲ ಮಳೆ ಒಂದು ಶನಿವಾರ ರಾತ್ರಿ ಬಂತು. ಬೆಳಿಗ್ಗೆ ಒಂಬತ್ತೂವರೆಗೆ ನಾನು ಬ್ರಷ್ಷು ಹಿಡಿದು ಅಜ್ಜಿಯ ಮನೆಗೆ ಹೊರಟೆ, ಆ ವಾರ ಡ್ರಮ್ಮಿನ ಸರದಿ ನಂದು. ಹಿತ್ತಲಲ್ಲಿ ಡ್ರಮ್ಮು ಆಗಲೇ ಉರುಳಿತ್ತು. ಮೂಲೆ ಮನೆಯವರು ಪ್ಯಾಂಟು ಮಡಚಿಕೊಂಡು, ಭುಜದವರೆಗೆ ಕೈ ಒಳಗೆ ಹಾಕಿ ಉಜ್ಜುತ್ತಿದ್ದರು. ಅಜ್ಜಿ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಟಾರ್ಚ್ ಹಿಡಿದಿದ್ದರು.

"ಇನ್ನೂ ಸ್ವಲ್ಪ ಮೇಲೆ ಉಜ್ಜಪ್ಪಾ" ಅನ್ನುತ್ತಿದ್ದರು ಅಜ್ಜಿ. "ನೀರಿನ ಗೆರೆಗಿಂತ ಮೇಲೆ. ಮೊಟ್ಟೆ ಅಲ್ಲೇ ಇರೋದು."